ಹಲ್ಲಿನ ಡಾಕ್ಟರಿಗೆ ಯಾವ ಕುಸ್ತಿ ಆಗಿಬರುತ್ತೆ?

ನನ್ನ ತೋಳಿನ ಮೇಲಿನ ನೀಲಿ ಗುರುತು ನೋಡಿ ಮೊದಮೊದಲು ಪೇಷಂಟುಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಬ್ಬಿಬ್ಬರು ಅಜ್ಜಿಯರು ಯಜಮಾನರ ಬಗ್ಗೆ ಮೆಲ್ಲಗೆ ವಿಚಾರಿಸಿದ್ದೂ ಉಂಟು. ಪಾಪ, ನಮ್ಮವರು ಜಿರಳೆ ಹೊಡೆಯೋಕೂ ನನ್ನನ್ನೇ ಕೂಗುವ ಮನುಷ್ಯ. ಈಗ ಬೆಂಗಳೂರು ವಿಜಯನಗರದ ನಮ್ಮ ರಸ್ತೆಗೆಲ್ಲ ಸುದ್ದಿ ಹಬ್ಬಿದೆ, ಹಲ್ಲಿನ ಡಾಕ್ಟರು ಬೆಳಗ್ಗೆ ಎದ್ದು ಎಲ್ಲೋ ಹೋಗಿ ಜನರ ಜೊತೆ ಹೊರಳಾಡಿ ಬರುತ್ತಾರೆ ಅಂತ. ಸುದ್ದಿ ಹಬ್ಬಿದ ಮೇಲೆ ಪ್ರಶ್ನೆಗಳು ಶುರುವಾದವು. "ಮೇಡಂ, ಮಗಳಿಗೆ ಕರಾಟೆ ಒಳ್ಳೇದಾ, ಟೇಕ್ವಾಂಡೋ ಒಳ್ಳೇದಾ?" "ನನಗೀಗ ನಲವತ್ತೈದು, ಬಾಕ್ಸಿಂಗ್ ಆಗುತ್ತಾ?" ಬಾಯಲ್ಲಿ ಹತ್ತಿ ತುರುಕಿರುವಾಗಲೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಇಲ್ಲಿ ಬರೆದುಬಿಡುವುದು ವಾಸಿ ಅನ್ನಿಸಿತು.

ಯಾವುದು ಶ್ರೇಷ್ಠ ಅನ್ನುವ ಪ್ರಶ್ನೆಗೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಜಗಳ ಸಿಗುತ್ತೆ. ಅಲ್ಲಿ ಹೋಗಿ ನೋಡಿ, ನನ್ನ ತಲೆ ತಿನ್ನಬೇಡಿ. ನಾನು ಹೇಳುವುದು ಬೇರೆ. ಪ್ರತಿಯೊಂದು ವಿದ್ಯೆಯಲ್ಲೂ ಒಂದು ಕಿರಿಕಿರಿ ಇದೆ, ಅದನ್ನು ತಪ್ಪಿಸಿಕೊಂಡು ಆ ವಿದ್ಯೆ ಬರುವುದಿಲ್ಲ. ಬಾಕ್ಸಿಂಗಿನಲ್ಲಿ ಮುಖಕ್ಕೆ ಏಟು ಬೀಳುತ್ತೆ. ಜೂಡೋದಲ್ಲಿ ನೀವೇ ನೆಲಕ್ಕೆ ಬೀಳುತ್ತೀರಿ. ನೆಲದ ಮೇಲೆ ಹೊರಳಾಡುವ ಜಿಯು-ಜಿತ್ಸುವಿನಲ್ಲಿ ಯಾರದೋ ಬೆವರಿನ ಕೆಳಗೆ ಉಸಿರುಗಟ್ಟಿ ಮಲಗಬೇಕು. ಕೇರಳದ ಕಳರಿಯಲ್ಲಿ ತಿಂಗಳುಗಟ್ಟಲೆ ಕಾಲೆತ್ತಿ ಕಾಲಿಳಿಸಬೇಕು. ಇದರಲ್ಲಿ ಯಾವ ಕಿರಿಕಿರಿಯನ್ನು ಸಹಿಸಿಕೊಂಡು ಮುಂದಿನ ವಾರವೂ ಹೋಗ್ತೀರೋ, ಅದೇ ನಿಮ್ಮದು. ಯಾಕಂದ್ರೆ ಇವೆಲ್ಲ ವರ್ಷಗಟ್ಟಲೆ ಹೋದರಷ್ಟೇ ಬರುವ ವಿದ್ಯೆಗಳು.

ನನಗೆ ಈ ಗೀಳು ಹತ್ತಿದ್ದು ಒಂದು ಮಾರ್ಚ್ 8ರಂದು. ಹೊರ ವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಮಹಿಳಾ ದಿನಕ್ಕೆ ಹಲ್ಲು ತಪಾಸಣೆ ಕ್ಯಾಂಪ್ ಮಾಡಲು ಕರೆದಿದ್ದರು. ಪಕ್ಕದ ಹಾಲಿನಲ್ಲೇ ಆತ್ಮರಕ್ಷಣೆಯ ಕಾರ್ಯಾಗಾರ. ಬರಬೇಕಾದ ಪೇಷಂಟುಗಳೆಲ್ಲ ಅಲ್ಲೇ ಇದ್ದರು, ನಾನೂ ಹೋಗಿ ಸಾಲಿನಲ್ಲಿ ನಿಂತೆ. ಯಾರಾದರೂ ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳುವುದು ಹೇಗೆ ಅಂತ ಹೇಳಿಕೊಡುತ್ತಿದ್ದರು. ಹಿಡಿದವರ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಎಳೆಯಬೇಕು. ಮಾತು ಸರಿಯೇ. ಯಾವ ಹಿಡಿತದಲ್ಲೂ ಹೆಬ್ಬೆರಳಿನ ಕಡೆಯೇ ಸಡಿಲ. ಎಲ್ಲರೂ ಒಬ್ಬರನ್ನೊಬ್ಬರು ಮೆತ್ತಗೆ ಹಿಡಿದರು, ಬಿಡಿಸಿಕೊಂಡರು, ಚಪ್ಪಾಳೆ ತಟ್ಟಿದರು.

ನನಗೆ ಜೋಡಿಯಾಗಿ ಸಿಕ್ಕವರು ಅಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುವ ಹೆಂಗಸು, ರಾಯಚೂರು ಕಡೆಯವರು. "ಗಟ್ಟಿ ಹಿಡೀಲೇನ್ರೀ?" ಅಂದರು. ಹಿಡೀರಿ ಅಂದೆ. ಹಿಡಿದರು ನೋಡಿ! ದಿನವಿಡೀ ಮಾಪ್ ಹಿಂಡುವ ಕೈ ಅದು. ತಿರುಗಿಸಿದೆ, ಎಳೆದೆ, ಮೈಭಾರವನ್ನೆಲ್ಲ ಹಾಕಿ ಜಗ್ಗಿದೆ. ಜಪ್ಪಯ್ಯ ಅಂದರೂ ಬರಲಿಲ್ಲ. ಅವರು ನಗುತ್ತಾ ಇನ್ನೊಂದು ಕೈಯಲ್ಲಿ ನನ್ನ ಭುಜವನ್ನೂ ಹಿಡಿದುಕೊಂಡರು. ಆ ಎರಡನೇ ಕೈಗೆ ಏನು ಮಾಡಬೇಕು ಅಂತ ಕಾರ್ಯಾಗಾರದಲ್ಲಿ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟ್ ಕೊಟ್ಟರು. ನನ್ನದನ್ನು ಅವರಿಗೇ ಕೊಡಬೇಕಿತ್ತು.

ಪಟ್ಟು ಸುಳ್ಳಲ್ಲ. ಆದರೆ "ಬಿಡಲ್ಲ" ಅನ್ನುವವರ ಮೇಲೆ ಮಾಡಿ ನೋಡದ ಪಟ್ಟು ಬರೀ ತಿಳುವಳಿಕೆ, ಅಷ್ಟೇ. ಈ ವಿಷಯವನ್ನು ಯಾರಾದರೂ ಮೊದಲೇ ಯೋಚಿಸಿದ್ದಾರಾ ಅಂತ ಹುಡುಕಿದಾಗ ಸಿಕ್ಕವರು ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ. 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ ಕೊಡೊಕಾನ್ ಅನ್ನುವ ತಮ್ಮ ಜೂಡೋ ಶಾಲೆ ಶುರುಮಾಡಿದಾಗ ಅವರಿಗಿನ್ನೂ ಇಪ್ಪತ್ತೊಂದು ವರ್ಷ. ಜಪಾನಿನ ಹಳೆಯ ಕಾಳಗದ ವಿದ್ಯೆ ಜುಜುತ್ಸುವಿನಲ್ಲಿ ಕೈಕಾಲು ಊನ ಮಾಡುವ ವರಸೆಗಳು ಬೇಕಾದಷ್ಟಿದ್ದವು. ಅವನ್ನು ಪೂರ್ತಿ ಬಲ ಹಾಕಿ ಅಭ್ಯಾಸ ಮಾಡುವಂತಿಲ್ಲ, ಮಾಡಿದರೆ ಜೊತೆಗಾರ ಉಳಿಯುವುದಿಲ್ಲ. ಕಾನೊ ಮಾಡಿದ್ದು ಇಷ್ಟು. ಏಟು, ಒದೆ, ಮುರಿಯುವ ಪಟ್ಟುಗಳನ್ನು ಕತಾಗೆ, ಅಂದರೆ ಮೊದಲೇ ಗೊತ್ತು ಮಾಡಿಕೊಂಡು ಮಾಡುವ ವರಸೆಗಳಿಗೆ ಬಿಟ್ಟರು. ಎತ್ತಿ ಕೆಡವುವುದು, ಒತ್ತಿ ಹಿಡಿಯುವುದು, ಇಂಥವನ್ನು ಇಬ್ಬರೂ ಜಿದ್ದಿನಿಂದ ಆಡುವ ಹಾಗೆ ಮಾಡಿದರು. ಅದಕ್ಕೆ ರಂದೋರಿ ಅಂತಾರೆ, ಬೇರೆ ಕಡೆ ಸ್ಪಾರಿಂಗ್. ಅಪಾಯ ಕಡಿಮೆ ಮಾಡಿದ್ದಕ್ಕೇ ವಿದ್ಯೆ ಹರಿತವಾಯಿತು. "ನಮ್ಮ ವಿದ್ಯೆ ಎಷ್ಟು ಮಾರಕ ಅಂದ್ರೆ ಅದನ್ನು ಸ್ಪಾರಿಂಗ್‌ನಲ್ಲಿ ಬಳಸೋಕೇ ಆಗಲ್ಲ" ಅನ್ನುವ ಮಾಸ್ಟರುಗಳು ಈಗಲೂ ಸಿಗುತ್ತಾರೆ. ಅವರಿಗೆ ದೂರದಿಂದಲೇ ಒಂದು ನಮಸ್ಕಾರ ಹಾಕಿ ಬನ್ನಿ.

ಆಮೇಲೆ ಗೊತ್ತಾದ ಇನ್ನೊಂದು ಸಂಗತಿ, ಆಟದ ನಿಯಮವೇ ಆಟಗಾರರ ಮೈಯನ್ನು ತಿದ್ದುತ್ತೆ. ಅಣ್ಣನ ಮಗಳು ಟೇಕ್ವಾಂಡೋ ಕಲಿಯುತ್ತಾಳೆ. ಒಲಿಂಪಿಕ್ ಮಾದರಿಯದು, ಎದೆಗೆ ಎಲೆಕ್ಟ್ರಾನಿಕ್ ಕವಚ ಕಟ್ಟಿಕೊಂಡು ಆಡುವುದು. ಎದೆಗೆ ಗುದ್ದಿದರೆ 1 ಅಂಕ, ಎದೆಗೆ ಒದ್ದರೆ 2, ತಲೆಗೆ ಒದ್ದರೆ 3, ತಿರುಗಿ ತಲೆಗೆ ಒದ್ದರೆ 5. ಮುಖಕ್ಕೆ ಗುದ್ದುವಂತಿಲ್ಲ. ಹೀಗಿದ್ದ ಮೇಲೆ ಕೈ ಎತ್ತಿ ಮುಖ ಯಾಕೆ ಕಾಯ್ದುಕೊಳ್ಳಬೇಕು? ಮಕ್ಕಳು ಕೈ ಇಳಿಬಿಟ್ಟುಕೊಂಡು ಕಾಲಲ್ಲೇ ಸಂಸಾರ ಮಾಡುತ್ತಾರೆ. ಅವಳ ಕಾಲು ನನ್ನ ಕಿವಿಯ ತನಕ ಬರುತ್ತೆ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಅದು ಕೊರತೆ ಅಂತ ನಾನು ಹೇಳುತ್ತಿಲ್ಲ. ಏನು ಕಲಿಯುತ್ತಿದ್ದೀರಿ, ಏನು ಕಲಿಯುತ್ತಿಲ್ಲ ಅಂತ ಗೊತ್ತಿರಲಿ, ಅಷ್ಟೇ.

ಕರಾಟೆಯೂ ಒಂದೇ ಅಲ್ಲ. ಗಿಚಿನ್ ಫುನಕೋಶಿ 1922ರಲ್ಲಿ ಒಕಿನಾವಾದಿಂದ ಟೋಕಿಯೋಗೆ ತಂದದ್ದು ಮುಂದೆ ಶೋಟೋಕಾನ್ ಅನ್ನಿಸಿಕೊಂಡಿತು. ಗೋಜು-ರ್ಯು, ಶಿತೋ-ರ್ಯು, ವಾಡೋ-ರ್ಯು ಅಂತ ಬೇರೆ ಮನೆತನಗಳಿವೆ. ಸ್ಪರ್ಧೆಯ ಕರಾಟೆಯಲ್ಲಿ ಮುಖದ ಹತ್ತಿರ ಏಟು ತಂದು ಹಿಡಿತದಲ್ಲಿ ನಿಲ್ಲಿಸಬೇಕು. ಕ್ಯೋಕುಶಿನ್ ಅನ್ನುವ ಇನ್ನೊಂದು ಬಗೆಯಲ್ಲಿ ಎದೆ, ತೊಡೆಗೆ ಪೂರ್ತಿ ಬಲ ಹಾಕಿ ಬಾರಿಸಬಹುದು, ತಲೆಗೆ ಒದೆಯಬಹುದು, ಆದರೆ ಕೈಯಿಂದ ಮುಖಕ್ಕೆ ಹೊಡೆಯುವಂತಿಲ್ಲ. ಎರಡಕ್ಕೂ ಬೋರ್ಡಿನಲ್ಲಿ ಬರೆಯುವುದು ಕರಾಟೆ ಅಂತಲೇ. ಅದಕ್ಕೇ "ಕರಾಟೆ ಹೇಗೆ?" ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಯಾವ ಕರಾಟೆ, ಯಾರ ಕ್ಲಾಸು, ಅಲ್ಲಿ ವಾರಕ್ಕೆ ಎಷ್ಟು ಸಲ ಎದುರಾಳಿಯ ಜೊತೆ ಆಡಿಸುತ್ತಾರೆ, ಇಷ್ಟು ಗೊತ್ತಾಗಬೇಕು.

ಇನ್ನು ನಾನು ಟ್ರಯಲ್ ಕ್ಲಾಸ್ ಸುತ್ತಿದ ಕಥೆ. ಬಹಳ ಕಡೆ ಮೊದಲ ಕ್ಲಾಸಿಗೆ ದುಡ್ಡು ಕೇಳಲ್ಲ, ಕೇಳಿದರೂ ಜಾಸ್ತಿ ಇಲ್ಲ. ಇಡೀ ಬೆಂಗಳೂರಿನಲ್ಲಿ ಇಷ್ಟು ಅಗ್ಗದ ಮನರಂಜನೆ ಬೇರೆ ಸಿಗಲಿಕ್ಕಿಲ್ಲ.

ಬಾಕ್ಸಿಂಗಿಗೆ ನನ್ನ ಜೊತೆ ಕ್ಲಿನಿಕ್ಕಿನ ಸಹಾಯಕಿ ಹುಡುಗಿಯೂ ಬಂದಳು. ಬೆರಳು, ಮಣಿಕಟ್ಟಿಗೆ ಉದ್ದದ ಪಟ್ಟಿ ಸುತ್ತಿಕೊಳ್ಳುವುದರಲ್ಲೇ ಅರ್ಧ ಮರ್ಯಾದೆ ಬಂದುಬಿಡುತ್ತೆ. ಮೂರು ನಿಮಿಷ ಆಟ, ಒಂದು ನಿಮಿಷ ಬಿಡುವು, ಗಂಟೆ ಹೊಡೆದ ಹಾಗೆ ಸಾಗುತ್ತೆ. ಕಲಿಯಬೇಕಾದ ಏಟುಗಳು ಬೆರಳೆಣಿಕೆಯಷ್ಟು, ಅದನ್ನೇ ಸಾವಿರ ಸಲ ತಿದ್ದುತ್ತಾರೆ. ಕಡಿಮೆ ಸಮಯದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ. ನಾಲ್ಕನೇ ವಾರಕ್ಕೆ ಮೆಲ್ಲಗೆ ಸ್ಪಾರಿಂಗ್ ಆಡಿಸಿದರು. ಎದುರಿನವಳ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಹಗುರವಾಗಿಯೇ ಬಂದು ಮೂಗಿಗೆ ತಾಗಿತು. ನೋವೇನೂ ಇಲ್ಲ, ಆದರೆ ಕಣ್ಣಲ್ಲಿ ನೀರು ದಳದಳ. ಅದು ಅಳು ಅಲ್ಲ, ಮೂಗಿಗೆ ಬಿದ್ದರೆ ಕಣ್ಣು ತಾನಾಗಿ ಸುರಿಯುತ್ತೆ. ನಮ್ಮ ಹುಡುಗಿಗೂ ಹಾಗೇ ಆಯಿತು. ಅವಳು ತೋಳಿಗೆ ಮುಖ ಒರೆಸಿಕೊಂಡು "ಮೇಡಂ, ಇನ್ನೊಂದ್ ರೌಂಡ್ ಆಡ್ತೀನಿ" ಅಂದಳು. ಈಗಲೂ ಹೋಗುತ್ತಿದ್ದಾಳೆ, ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಮೇರಿ ಕೋಮ್ ಫೋಟೋ ಸ್ಟೆರಿಲೈಸೇಶನ್ ರೂಮಿನ ಬಾಗಿಲಿಗೆ ಅಂಟಿಸಿದ್ದಾಳೆ.

ನನಗೆ ಆಗಲಿಲ್ಲ. ಪ್ರತಿ ಏಟು ಬರುವಾಗಲೂ ನನ್ನ ತಲೆಯಲ್ಲಿ ಒಂದು ಎಕ್ಸ್‌ರೇ ಓಡುತ್ತಿತ್ತು. ಮೇಲಿನ ಬಾಚಿಹಲ್ಲು, ಅದರ ಬೇರು, ಅದರ ಸುತ್ತಲಿನ ತೆಳು ಮೂಳೆ. ಹಾಗಂತ ಬಾಕ್ಸಿಂಗನ್ನು ದೂರುವುದಿಲ್ಲ. ನನ್ನ ಕ್ಲಿನಿಕ್ಕಿಗೆ ಮುರಿದ ಹಲ್ಲು ಹಿಡಿದುಕೊಂಡು ಬರುವವರು ಹೆಚ್ಚಾಗಿ ಸ್ಕೂಟರಿಂದ ಬಿದ್ದವರು, ಇಲ್ಲಾಂದ್ರೆ ಗಲ್ಲಿ ಕ್ರಿಕೆಟ್ಟಿನವರು. ತಲೆಗೆ ಬೀಳುವ ಏಟಿನದ್ದು ಮಾತ್ರ ಬೇರೆ ಲೆಕ್ಕ. ಹೆಡ್‌ಗಾರ್ಡ್ ಹುಬ್ಬು ಹರಿಯುವುದನ್ನು ತಡೆಯುತ್ತೆ, ಒಳಗೆ ಮೆದುಳು ಅಲುಗುವುದನ್ನು ತಡೆಯಲ್ಲ. ಪ್ರತಿ ಕ್ಲಾಸಿನಲ್ಲೂ ಜೋರಾಗಿ ತಲೆಗೆ ಹೊಡೆದಾಡಿಸುವ ಕಡೆ ಮಕ್ಕಳನ್ನು ಬಿಡಬೇಡಿ.

ಥಾಯ್ಲೆಂಡಿನ ಮುಯ್ ಥಾಯ್ ಕ್ಲಾಸ್ ಇದ್ದದ್ದು ಇಂದಿರಾನಗರದ ಕಡೆ. ನಿಯಾನ್ ದೀಪ, ಜೋರು ಹಾಡು, ವಿಜಯನಗರದ ಎರಡರಷ್ಟು ಫೀಸು. ಕೈ, ಮೊಣಕೈ, ಮೊಣಕಾಲು, ಕಾಲಿನ ಮುಂದಿನ ಮೂಳೆ, ಜೋಡಿ ಜೋಡಿಯಾಗಿ ಎಂಟು ಆಯುಧ. ಕ್ಲಿಂಚ್ ಅಂತ ಕುತ್ತಿಗೆ ಹಿಡಿದು ನಿಂತಲ್ಲೇ ಜಗ್ಗಾಡುವುದು ನನಗೆ ತುಂಬಾ ಹಿಡಿಸಿತು. ಕಾಲಿನ ಮೂಳೆಗೆ ಮೂಳೆ ತಗುಲುವುದು ಹಿಡಿಸಲಿಲ್ಲ. ಡ್ರಿಲ್ಲಿನ ಪೆಡಲ್ ಒತ್ತುವುದು ಕಾಲಲ್ಲಿ ತಾನೇ? ಮಾರನೇ ದಿನ ರೂಟ್ ಕೆನಾಲ್ ಮಾಡುವಾಗ ನನ್ನ ಮುಖ ಪೇಷಂಟಿನ ಮುಖಕ್ಕಿಂತ ಕಷ್ಟದಲ್ಲಿತ್ತು. ಮಾಸ್ಕ್ ಕಾಪಾಡಿತು.

ಜೂಡೋ ಬಗ್ಗೆ ನನಗೆ ಈಗಲೂ ಆಸೆ ಇದೆ. ಅಲ್ಲಿ ಮೊದಲು ಬೀಳುವುದನ್ನೇ ಕಲಿಸುತ್ತಾರೆ. ಗದ್ದ ಎದೆಗೆ ಒತ್ತಿ, ತಲೆ ನೆಲಕ್ಕೆ ತಾಗದಂತೆ, ಕೈಯಿಂದ ಮ್ಯಾಟ್ ಬಡಿದು ಬೀಳಬೇಕು. ನಮ್ಮ ಫುಟ್‌ಪಾತುಗಳಲ್ಲಿ ಓಡಾಡುವವರಿಗೆಲ್ಲ ಇದನ್ನು ಕಡ್ಡಾಯ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಸಣ್ಣ ಮಕ್ಕಳನ್ನು ಎಲ್ಲಿ ಸೇರಿಸಲಿ ಅಂತ ಕೇಳಿದರೆ, ಮನೆ ಹತ್ತಿರ ಒಳ್ಳೆ ಜೂಡೋ ಇದ್ದರೆ ಕಣ್ಣು ಮುಚ್ಚಿಕೊಂಡು ಸೇರಿಸಿ. ತೊಂದರೆ ಅಂದರೆ ಆ ದಪ್ಪ ಬಟ್ಟೆಯ ಅಂಗಿ. ಆಟವೆಲ್ಲ ಅದರ ಕಾಲರು, ತೋಳನ್ನು ಹಿಡಿದು ಬಿಡದಿರುವುದರಲ್ಲಿದೆ. ಹಳಬರ ಬೆರಳು ನೋಡಿದೆ. ಗೆಣ್ಣುಗಳು ಊದಿ ದಪ್ಪವಾಗಿದ್ದವು, ಅರ್ಧಕ್ಕರ್ಧ ಟೇಪು. ನನ್ನ ಅನ್ನ ಇರುವುದು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಯಲ್ಲಿ. ಪೆನ್ನು ಹಿಡಿದ ಹಾಗೆ ಹಲ್ಲಿನ ಪಾಚಿ ಕೆರೆಯುವ ಸ್ಕೇಲರ್ ಹಿಡಿದು ಅರ್ಧ ಮಿಲಿಮೀಟರ್ ಅಲುಗಾಡದೆ ಕೆಲಸ ಮಾಡಬೇಕು. ಕೈ ಮುಗಿದು ಬಂದೆ.

ಕಳರಿಪಯಟ್ಟು ನಮ್ಮ ಊರಿನಲ್ಲೂ ಕಲಿಸುತ್ತಾರೆ. ನೋಡೋಕೆ ಇದರಷ್ಟು ಚೆಂದ ಯಾವುದೂ ಇಲ್ಲ. ಸಾಂಪ್ರದಾಯಿಕ ಕಳರಿ ಅಂದರೆ 42 ಅಡಿ ಉದ್ದ, 21 ಅಡಿ ಅಗಲದ ಮಣ್ಣಿನ ಅಂಕಣ, ಮೂಲೆಯಲ್ಲಿ ಪೂತ್ತರ ಅನ್ನುವ ಮೆಟ್ಟಿಲು ಮೆಟ್ಟಿಲಿನ ಪೀಠ. ವಡಗರದ ಮೀನಾಕ್ಷಿ ಅಮ್ಮ ಎಪ್ಪತ್ತು ದಾಟಿದ ಮೇಲೂ ಸೀರೆ ಎತ್ತಿ ಕಟ್ಟಿ ಕತ್ತಿ ಹಿಡಿಯುವುದನ್ನು ನೀವೂ ವಿಡಿಯೋದಲ್ಲಿ ನೋಡಿರುತ್ತೀರಿ, 2017ರಲ್ಲಿ ಪದ್ಮಶ್ರೀ ಬಂತು. ಆದರೆ ಪಾಠದ ಕ್ರಮ ಗೊತ್ತಿರಲಿ. ಮೊದಲು ಮೈ ಹದ ಮಾಡುವ ಮೆಯ್‌ತಾರಿ, ಆಮೇಲೆ ಕೋಲು, ಆಮೇಲೆ ಲೋಹದ ಆಯುಧ. ಬರಿಗೈ ಹೋರಾಟ ಬರುವುದು ಕಟ್ಟಕಡೆಗೆ. ಯಾರೋ ರಸ್ತೆಯಲ್ಲಿ ಕಾಡುತ್ತಿದ್ದಾರೆ, ಮುಂದಿನ ತಿಂಗಳಿಗೆ ಬೇಕು ಅನ್ನುವವರಿಗೆ ಇದು ಅಲ್ಲ. ಒಂದೇ ಕಾಲೆತ್ತನ್ನು ವರ್ಷವಿಡೀ ತಿದ್ದುವುದರಲ್ಲಿ ಸುಖ ಕಾಣುವವರು ಇರುತ್ತಾರೆ, ಭರತನಾಟ್ಯ ಕಲಿತ ನನ್ನ ಗೆಳತಿ ಅಂಥವಳು. ಅವಳು ಅಲ್ಲೇ ಉಳಿದಳು. ಅಷ್ಟು ತಗ್ಗಿ ಕೂರುವ ಭಂಗಿಗಳಿಗೆ ನನ್ನ ಮಂಡಿ ಒಪ್ಪಲಿಲ್ಲ, ಅದಕ್ಕಿಂತ ಮೊದಲು ನನ್ನ ತಾಳ್ಮೆ ಒಪ್ಪಲಿಲ್ಲ.

ಕೊನೆಗೆ ನಿಂತದ್ದು ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ. ಹೆಸರಿಗೆ ಬ್ರೆಜಿಲ್, ಬೇರು ಕಾನೊ ಅವರ ಜೂಡೋದಲ್ಲೇ. ಕೊಡೊಕಾನ್‌ನಲ್ಲಿ ಕಲಿತ ಮಿತ್ಸುಯೊ ಮಯೇದಾ ಊರೂರು ಸುತ್ತುತ್ತಾ 1914ರಲ್ಲಿ ಬ್ರೆಜಿಲ್ ತಲುಪಿದರು. ಅವರಿಂದ ಕಾರ್ಲೋಸ್ ಗ್ರೇಸಿ ಕಲಿತರು, ಆ ಮನೆಯವರು ನೆಲದ ಮೇಲಿನ ಹೋರಾಟವನ್ನೇ ಬೆಳೆಸಿದರು. 1993ರಲ್ಲಿ ಯುಎಫ್‌ಸಿ ಅನ್ನುವ, ಬೇರೆಬೇರೆ ವಿದ್ಯೆಯವರು ಹೊಡೆದಾಡುವ ಪಂದ್ಯ ಮೊದಲ ಸಲ ನಡೆದಾಗ ಅದೇ ಮನೆಯ ಹೋಯ್ಸ್ ಗ್ರೇಸಿ ತನಗಿಂತ ದಪ್ಪದವರನ್ನು ಒಬ್ಬೊಬ್ಬರಾಗಿ ಕೆಡವಿ ಸೋಲೊಪ್ಪಿಸಿದ ಮೇಲೆ ಜಗತ್ತಿಗೆಲ್ಲ ಹುಚ್ಚು ಹಿಡಿಯಿತು. ಅಂಗಿ ತೊಟ್ಟು ಆಡುವುದು ಒಂದು ಬಗೆ. ಅಂಗಿ ಇಲ್ಲದೆ, ಮೈಗಂಟುವ ಟೀಶರ್ಟಿನಲ್ಲಿ ಆಡುವ ನೋ-ಗಿ ಇನ್ನೊಂದು. ನನ್ನದು ಎರಡನೆಯದು. ಬಟ್ಟೆ ಹಿಡಿಯುವಂತಿಲ್ಲ, ಕಂಕುಳು, ಕುತ್ತಿಗೆ, ಮಣಿಕಟ್ಟನ್ನು ತೋಳಿನಲ್ಲಿ ಕಟ್ಟಿಹಾಕಬೇಕು. ಬೆರಳು ಬಹುಮಟ್ಟಿಗೆ ಉಳಿಯುತ್ತೆ. ಮುಖಕ್ಕೆ ಏಟಿಲ್ಲ. ತಡೆಯಲಾಗದಿದ್ದರೆ ಎರಡು ಸಲ ತಟ್ಟಿದರೆ ಸಾಕು, ಬಿಟ್ಟುಬಿಡುತ್ತಾರೆ. ಬಿಟ್ಟ ಮೇಲೆ ಮತ್ತೆ ಶುರು. ಹೀಗಾಗಿ ಒಂದೇ ಬೆಳಗ್ಗೆ ನಾಲ್ಕಾರು ಸಲ "ಸತ್ತು" ಒಂಬತ್ತೂವರೆಗೆ ಕ್ಲಿನಿಕ್ ತೆರೆಯಬಹುದು.

ಇದರ ಕಿರಿಕಿರಿ ಮೈ ಹತ್ತಿರ ಆಗುವುದು. ಬಹಳ ಜನ ಮೊದಲ ವಾರವೇ ಬಿಟ್ಟುಹೋಗುವುದು ಇದಕ್ಕೇ. ಗುರುತಿಲ್ಲದವರು ಎದೆ ಮೇಲೆ ಕೂತು, ಅವರ ಬೆವರು ನಿಮ್ಮ ಕಣ್ಣಿಗೆ ತೊಟ್ಟಿಕ್ಕುತ್ತಿದ್ದರೆ ಯಾರಿಗೆ ತಾನೇ ಹಿತವಾಗುತ್ತೆ? ನನಗೆ ಏನೂ ಅನ್ನಿಸಲಿಲ್ಲ. ಯಾಕೆ ಅಂತ ಯೋಚಿಸಿದಾಗ ನಗು ಬಂತು. ಇಷ್ಟು ವರ್ಷದಿಂದ ಬೆಳಗ್ಗಿಂದ ರಾತ್ರಿ ತನಕ ಪರಿಚಯವಿಲ್ಲದವರ ಮುಖದಿಂದ ಒಂದು ಗೇಣು ದೂರದಲ್ಲಿ ಕೂತು, ಅವರ ಉಸಿರು, ಎಂಜಲು, ರಕ್ತದ ನಡುವೆ ಕೆಲಸ ಮಾಡುತ್ತಿದ್ದೇನೆ. ಹೆದರಿದ ಮೈ ಹೇಗೆ ಬಿಗಿಯಾಗುತ್ತೆ, ಉಸಿರು ಎಲ್ಲಿ ನಿಲ್ಲುತ್ತೆ ಅಂತ ಕೈಗೇ ಗೊತ್ತು. ಬೇರೆಯವರಿಗೆ ಅಸಹ್ಯವಾಗುವುದು ನನಗೆ ದಿನದ ಕೂಲಿ. ನಿಮ್ಮ ಕೆಲಸ, ನಿಮ್ಮ ಮೈ ಈಗಾಗಲೇ ಯಾವುದಕ್ಕೆ ಒಗ್ಗಿಕೊಂಡಿದೆ ಅಂತ ಒಂದು ಸಲ ಯೋಚಿಸಿ ನೋಡಿ.

ಈ ವಿಷಯದಲ್ಲಿ ನನ್ನ ಸೋದರಮಾವನ ಅಭಿಪ್ರಾಯ ಹೇಳಲೇಬೇಕು. ಅವರು ಕಬ್ಬನ್‌ಪೇಟೆಯವರು. ಹರೆಯದಲ್ಲಿ ಪೇಟೆಯ ಗರಡಿಯಲ್ಲಿ ಸಾಮು ಮಾಡಿದ ಮೈ. ಬಗ್ಗಿ ಒಳಗೆ ಹೋಗುವ ಸಣ್ಣ ಬಾಗಿಲು, ಗೋಡೆಯಲ್ಲಿ ಹನುಮಂತ, ಕೆಮ್ಮಣ್ಣಿಗೆ ಎಣ್ಣೆ ಅರಿಶಿನ ಬೆರೆಸಿದ ಮಟ್ಟಿ, ಇದರ ಬಗ್ಗೆ ಶುರುಮಾಡಿದರೆ ಊಟ ಆರಿಹೋಗುತ್ತೆ. ಕಲಿಸುವ ವಸ್ತಾದರಿಗೆ ಫೀಸಿರಲಿಲ್ಲವಂತೆ, ಹಬ್ಬಕ್ಕೆ ಎಲೆ ಅಡಿಕೆ, ಪಂಚೆ ಅಷ್ಟೇ. ದಸರೆಗೆ ತಪ್ಪದೆ ಮೈಸೂರಿಗೆ ಹೋಗುತ್ತಿದ್ದರು. ವಿಜಯದಶಮಿಯ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತಲ್ಲ, ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳ ಗೆಣ್ಣಿಗೆ ವಜ್ರಮುಷ್ಟಿ ಅನ್ನುವ ಆಯುಧ ತೊಟ್ಟು ಇಳಿಯುತ್ತಾರೆ, ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದ ಕೂಡಲೇ ಆಟ ನಿಲ್ಲಿಸುತ್ತಾರೆ. ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳೂ ಅಲ್ಲಿ ಇಳಿಯುತ್ತಾರೆ.

ಒಂದು ಶನಿವಾರ ಅವರನ್ನು ಕ್ಲಾಸಿಗೆ ಕರೆದುಕೊಂಡು ಹೋದೆ. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಮ್ಯಾಟಿನ ಅಂಚಿಗೇ ಕೂತರು. ನನ್ನ ಸರದಿ ಬಂದಾಗ ಎದುರಿಗಿದ್ದ ಹುಡುಗನನ್ನು ಎಳೆದುಕೊಂಡು ನಾನಾಗಿಯೇ ಅಂಗಾತ ಮಲಗಿ ಕಾಲುಗಳಿಂದ ಅವನ ಸೊಂಟ ಸುತ್ತಿದೆ. ಇದಕ್ಕೆ ಗಾರ್ಡ್ ಅಂತಾರೆ, ಈ ವಿದ್ಯೆಯ ಜೀವವೇ ಇದು. ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ಏಯ್, ಬೆನ್ನು ನೆಲ ಹತ್ತಿತಲ್ಲಮ್ಮ! ಸೋತೆ, ಎದ್ದೇಳು!" ಇಡೀ ಕ್ಲಾಸ್ ತಿರುಗಿ ನೋಡಿತು. ಕುಸ್ತಿಯಲ್ಲಿ ಅವರು ಹೇಳಿದ್ದೇ ಸರಿ, ಭುಜಗಳು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ನಾನು ಏಳಲಿಲ್ಲ. ಹುಡುಗನ ಒಂದು ಕೈ ಒಳಗೆ, ಒಂದು ಕೈ ಹೊರಗೆ ಸಿಗುವ ಹೊತ್ತಿಗೆ ಕಾಯ್ದು, ಕಾಲನ್ನು ಅವನ ಹೆಗಲ ಮೇಲೆ ಹಾಯಿಸಿ, ಆ ಪಾದವನ್ನು ಇನ್ನೊಂದು ಮಂಡಿಯ ಸಂದಿಯಲ್ಲಿ ಸಿಕ್ಕಿಸಿ ಬಿಗಿದೆ. ಅವನ ಕುತ್ತಿಗೆ ನನ್ನ ತೊಡೆಗೂ ಅವನದೇ ಭುಜಕ್ಕೂ ನಡುವೆ ಸಿಕ್ಕಿಕೊಂಡಿತು. ತಟ್ಟಿದ, ಬಿಟ್ಟೆ.

"ಇದು ಮೋಸ ಕಣಮ್ಮ" ಅಂದರು ಮಾವ. ಆಮೇಲೆ ಹತ್ತಿರದ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಬಹಳ ಹೊತ್ತು ಸುಮ್ಮನಿದ್ದರು. "ಜಟ್ಟಿ ಜಾರಿ ಬಿದ್ರೆ ಅದೂ ಒಂದು ಪಟ್ಟು ಅಂತ ಜನ ಆಡ್ಕೊಂಡು ನಗ್ತಿದ್ರು. ನೀವು ಅದನ್ನೇ ವಿದ್ಯೆ ಮಾಡ್ಕೊಂಡುಬಿಟ್ಟಿದೀರಲ್ಲ!" ಆ ದಿನ ಮ್ಯಾಟಿನಿಂದ ಹೊರಡುವ ಮುಂಚೆ ಅವರು ನಮ್ಮ ಕೋಚಿನ ಮಣಿಕಟ್ಟು ಹಿಡಿದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಎಳೆದು ಬೆನ್ನ ಹಿಂದಕ್ಕೆ ಹೋಗಿ ನಿಂತಿದ್ದರು. ವಯಸ್ಸಾದವರು, ಮೆಲ್ಲಗೆ ಮಾಡಿದರು. "ಸರ್, ಅದನ್ನ ಇನ್ನೊಂದ್ಸಲ ತೋರಿಸ್ತೀರಾ?" ಅಂತ ಕೋಚ್ ಕೇಳಿದ್ದು ಮಾವನಿಗೆ ಎಷ್ಟು ಹಿಗ್ಗು ಕೊಟ್ಟಿತು ಅಂದರೆ, ಈಗ ಮದುವೆ ಮನೆಗಳಲ್ಲೂ ಅದೇ ಮಾತು.

ಸರಿ, ವಿದ್ಯೆ ಆರಿಸಿಕೊಂಡಿರಿ ಅಂತಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಹೋಗಿ ಬರುವುದು. ಸಂಜೆ ಏಳರ ಕ್ಲಾಸಿಗೆ ಸಿಲ್ಕ್ ಬೋರ್ಡ್ ದಾಟಿ ಹೋಗಬೇಕು ಅಂದರೆ ಎಂಥ ಜಗತ್ಪ್ರಸಿದ್ಧ ಕೋಚ್ ಇದ್ದರೂ ಎರಡು ತಿಂಗಳಲ್ಲಿ ನಿಲ್ಲಿಸುತ್ತೀರಿ. ನನ್ನ ಸಂಜೆ ಕ್ಲಿನಿಕ್ಕಿಗೆ ಮೀಸಲು, ಹಾಗಾಗಿ ಬೆಳಗಿನ ಬ್ಯಾಚು. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದರೆ ನೇರಳೆ ಮಾರ್ಗದಲ್ಲೇ ನೇರ ಹೋಗಿ ಇಳಿಯುತ್ತೇನೆ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸುವ ರಗಳೆ ಇಲ್ಲ. ಹತ್ತಿರದ ಸಾಧಾರಣ ಕ್ಲಾಸು ದೂರದ ಅದ್ಭುತ ಕ್ಲಾಸಿಗಿಂತ ಮೇಲು ಅಂತ ಧೈರ್ಯವಾಗಿ ಹೇಳುತ್ತೇನೆ, ಆ ಸಾಧಾರಣ ಕ್ಲಾಸಿನಲ್ಲಿ ಎದುರಾಳಿಯ ಜೊತೆ ಆಡಿಸುತ್ತಾರೆ ಅನ್ನುವ ಷರತ್ತಿನ ಮೇಲೆ.

ಸೇರುವ ಮುಂಚೆ ಒಂದು ಇಡೀ ಕ್ಲಾಸ್ ಸುಮ್ನೆ ಕೂತು ನೋಡಿ. ಮಾಸ್ಟರ್ ಎಷ್ಟು ಎತ್ತರಕ್ಕೆ ಒದೆಯುತ್ತಾರೆ ಅಂತ ಅಲ್ಲ, ಸೇರಿ ಆರು ತಿಂಗಳಾದವರು ಹೇಗಿದ್ದಾರೆ ಅಂತ. ಅವರಲ್ಲಿ ಏನಾದರೂ ಬಂದಿದೆಯಾ? ನಗುತ್ತಿದ್ದಾರಾ? ದೊಡ್ಡ ಮೈಯವರು ಹೊಸಬರ ಜೊತೆ ಆಡುವಾಗ ಬಲ ಇಳಿಸುತ್ತಾರಾ? ಸುಸ್ತಾಗಿದೆ, ಈ ರೌಂಡ್ ಬೇಡ ಅಂದರೆ ಕೋಚ್ ಒಪ್ಪುತ್ತಾರಾ, ಮೂದಲಿಸುತ್ತಾರಾ? ಹೆಣ್ಣುಮಕ್ಕಳಾದರೆ, ಗಂಡಸರ ಜೊತೆ ಆಡಲ್ಲ ಅನ್ನುವ ಆಯ್ಕೆ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಗೆ ಉತ್ತರ ಸಿಕ್ಕಿತು. ಒಂದು ಕಡೆ ನನಗೆ ಮೊದಲ ದಿನವೇ ವರ್ಷದ ಪ್ಯಾಕೇಜ್ ಕಟ್ಟಿಸಲು ನೋಡಿದರು, "ಇವತ್ತೇ ಕಟ್ಟಿದರೆ ಮಾತ್ರ ರಿಯಾಯಿತಿ" ಅಂತ. ಎದ್ದು ಬಂದೆ. ತಿಂಗಳ ಲೆಕ್ಕದಲ್ಲಿ ತೆಗೆದುಕೊಳ್ಳದವರ ಹತ್ತಿರ ವ್ಯವಹಾರ ಬೇಡ.

ಬೆಲ್ಟಿನ ಬಣ್ಣಕ್ಕೆ ಮರುಳಾಗಬೇಡಿ. ಜಿಯು-ಜಿತ್ಸುವಿನಲ್ಲಿ ದೊಡ್ಡವರಿಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಅಂತ ಐದೇ. ಕಪ್ಪಿಗೆ ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ಕೆಲವು ಮಕ್ಕಳ ಕ್ಲಾಸುಗಳಲ್ಲಿ ಮೂರು ತಿಂಗಳಿಗೊಂದು ಪರೀಕ್ಷೆ, ಪ್ರತಿ ಪರೀಕ್ಷೆಗೂ ಬೇರೆ ಫೀಸು, ಮೂರನೇ ಕ್ಲಾಸಿನ ಹುಡುಗನ ಸೊಂಟದಲ್ಲಿ ಕಪ್ಪು ಬೆಲ್ಟು. ಮಗು ಖುಷಿಯಾಗಿದ್ದರೆ ಕಟ್ಟಿಕೊಳ್ಳಲಿ ಬಿಡಿ. ಆದರೆ ಆ ಬೆಲ್ಟ್ ನಂಬಿಕೊಂಡು ಅವನನ್ನು ದೊಡ್ಡ ಹುಡುಗರ ಜಗಳಕ್ಕೆ ಕಳಿಸಬೇಡಿ.

ಇನ್ನು ಮ್ಯಾಟಿನ ಶುಚಿ. ಇದರಲ್ಲಿ ನಾನು ಸ್ವಲ್ಪ ಹುಚ್ಚಿ, ಒಪ್ಪಿಕೊಳ್ಳುತ್ತೇನೆ. ಮೈಗೆ ಮೈ ತಾಗುವ ಆಟಗಳಲ್ಲಿ ಹುಳುಕಡ್ಡಿ ಬೇಗ ಹರಡುತ್ತೆ, ಚರ್ಮದ ಬೇರೆ ಸೋಂಕುಗಳೂ ಹಾಗೇ. ಹೋದಲ್ಲೆಲ್ಲ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ "ಮ್ಯಾಟ್ ಯಾವಾಗ ಒರೆಸ್ತೀರಿ, ಏನು ಹಾಕಿ ಒರೆಸ್ತೀರಿ?" ಅಂತ. ಒಬ್ಬರು ಹಬ್ಬಕ್ಕೆ ಹಬ್ಬಕ್ಕೆ ಅನ್ನುವ ಹಾಗೆ ನಕ್ಕರು. ಈಗಿನ ಕೋಚ್ ಬಕೆಟ್ ತಂದು ತೋರಿಸಿದರು, ನೀರಿಗೆ ಹೈಪೋಕ್ಲೋರೈಟ್ ಬೆರೆಸಿ ದಿನಾ ಒರೆಸುವುದು. ರೂಟ್ ಕೆನಾಲ್ ತೊಳೆಯಲು ನಾನು ಬಳಸುವುದೂ ಅದೇ ರಾಸಾಯನಿಕ. ಆ ವಾಸನೆ ಬಂದ ಕೂಡಲೇ ಮನಸ್ಸಿಗೆ ನೆಮ್ಮದಿಯಾಯಿತು. ಉಗುರು ಕತ್ತರಿಸಿಕೊಂಡು ಹೋಗಿ. ಬಟ್ಟೆಯನ್ನು ಅವತ್ತೇ ಒಗೆಯಿರಿ, ಚೀಲದಲ್ಲಿ ಬಿಟ್ಟು ಮಾರನೇ ದಿನ ಅದನ್ನೇ ಹಾಕಿಕೊಂಡು ಬರುವವರ ಜೊತೆ ನಾನು ಆಡಲ್ಲ.

ಕೊನೆಗೆ ಹಲ್ಲಿನ ವಿಷಯ, ನನ್ನ ಕಸುಬಿಗೆ ನ್ಯಾಯ ಸಲ್ಲಿಸಬೇಕಲ್ಲ. ಯಾವ ವಿದ್ಯೆಯೇ ಆಗಲಿ, ಎದುರಾಳಿ ಇದ್ದಾರೆ ಅಂದ ಮೇಲೆ ಮೌತ್‌ಗಾರ್ಡ್ ಬೇಕು. ಜಿಯು-ಜಿತ್ಸುವಿನಲ್ಲಿ ಏಟಿಲ್ಲ ನಿಜ, ಆದರೆ ಎದುರಿನವರ ಮಂಡಿಗೆ ಅದು ಗೊತ್ತಿರಲ್ಲ. ಕ್ರೀಡಾ ಅಂಗಡಿಯಲ್ಲಿ ಸಿಗುವ, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ ಕೂರಿಸುವ ಬಗೆಯದ್ದು ಶುರುವಿಗೆ ಸಾಕು. ಮುಂದುವರಿಸುತ್ತೀರಿ ಅಂತಾದರೆ ಅಳತೆ ಕೊಟ್ಟು ಮಾಡಿಸಿಕೊಳ್ಳಿ, ಹಲ್ಲಿಗೆ ಸರಿಯಾಗಿ ಕೂರುತ್ತೆ, ಮಾತಾಡೋಕೆ ಉಸಿರಾಡೋಕೆ ತೊಂದರೆ ಇಲ್ಲ. ಕ್ಲಿಪ್ ಹಾಕಿಸಿಕೊಂಡ ಮಕ್ಕಳಿಗೆ ಅಂಗಡಿಯದ್ದು ಬೇಡ, ಕ್ಲಿಪ್ ಹಾಕಿದ ಡಾಕ್ಟರನ್ನೇ ಕೇಳಿ. ದವಡೆಯ ಮೇಲೆ ತೋಳು ಬಿಗಿದಾಗ ಕುತ್ತಿಗೆಗೆ ತಾಗಿಲ್ಲವಲ್ಲ ಅಂತ ಜಿದ್ದಿಗೆ ಬೀಳಬೇಡಿ, ತಟ್ಟಿಬಿಡಿ. ದವಡೆ ಕೀಲು ಒಂದು ಸಲ ಕೆಟ್ಟರೆ ಚಪಾತಿ ಅಗಿಯುವಾಗಲೂ ಕಟಕಟ.

ಇಷ್ಟೆಲ್ಲ ಆದಮೇಲೂ ದೊಡ್ಡವರ ಹಲ್ಲು ಬುಡಸಮೇತ ಕಿತ್ತು ಬಂದರೆ, ಹುಡುಕಿ ತೆಗೆದುಕೊಳ್ಳಿ. ಬಿಳಿ ಭಾಗದಲ್ಲಿ ಹಿಡಿಯಿರಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಕೊಳೆಯಾಗಿದ್ದರೆ ಮೆಲ್ಲಗೆ ಒಂದು ಸಲ ತೊಳೆದು, ಸಾಧ್ಯವಾದರೆ ಅದೇ ಜಾಗಕ್ಕೆ ಕೂರಿಸಿಕೊಂಡು ಬಟ್ಟೆ ಕಚ್ಚಿಕೊಂಡು ಬನ್ನಿ. ಆಗದಿದ್ದರೆ ತಣ್ಣನೆ ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ಹತ್ತಿರದ ಡೆಂಟಿಸ್ಟ್ ಹತ್ತಿರ ಓಡಿ. ಮಕ್ಕಳ ಹಾಲುಹಲ್ಲಾದರೆ ಮಾತ್ರ ವಾಪಸ್ ಕೂರಿಸಬಾರದು. ನಂದಿನಿ ಬೂತ್ ಮುಂದೆ ನಿಂತು "ನೀಲಿ ಪ್ಯಾಕೆಟ್ಟಾ, ಹಸಿರಾ?" ಅಂತ ನನಗೆ ಫೋನ್ ಮಾಡಿದವರೂ ಇದ್ದಾರೆ. ಯಾವುದಾದರೂ ನಡೆಯುತ್ತೆ, ಬೇಗ ಬನ್ನಿ.